ಪಾರ್ಕು ಮುಚ್ಚಿದ ಸಂಜೆಯ ಸೀಟಿ

ಗುಂಡಿಯ ಮುಚ್ಚಳ ಸರಿಯಿತು. ಘೋಷಣೆ ನಿಂತಿತು.

ಅಲ್ಲಿಯವರೆಗೆ ಕಿವಿಗಡಚಿಕ್ಕುವ ಗಲಾಟೆ. ‘ಬೀಗ ತೆಗೀರಿ! ಪಾರ್ಕು ಕೊಡಿ!’ ಬಡಾವಣೆಯ ಅಮ್ಮಂದಿರು, ಕೋಲೂರಿಕೊಂಡ ಅಜ್ಜಂದಿರು, ಸೊಂಟದ ಮೇಲಿನ ಕೂಸುಗಳು. ಪಾರ್ಕು ಮುಚ್ಚಿ ವರ್ಷ ದಾಟಿತ್ತು. ಮಕ್ಕಳು ಬೀದಿಯಲ್ಲಿ, ವಾಹನಗಳ ನಡುವೆ ಆಡುತ್ತಿದ್ದರು. ನಗರಸಭೆ ಕೊನೆಗೂ ಮಣಿದಿತ್ತು. ತೆರೆಯುವ ಮೊದಲು ನೀರಿನ ವ್ಯವಸ್ಥೆ ನೋಡಿ ಬಾ ಎಂದು ಎಂಜಿನಿಯರನ್ನು ಕಳಿಸಿತ್ತು. ಅವನ ಬೆನ್ನಿಗೇ ಜನ ಒಳಗೆ ನುಗ್ಗಿದ್ದರು.

ಪಾರ್ಕಿನ ಹಿಂಬದಿಯಲ್ಲಿ, ಎತ್ತರದ ಬೇಲಿಗಿಡಗಳ ಮರೆಯಲ್ಲಿ ಪಂಪ್ ಶೆಡ್ಡು. ಪಕ್ಕದಲ್ಲೇ ನೀರಿನ ಗುಂಡಿ. ಇಬ್ಬರು ಕೆಲಸಗಾರರು ಹಾರೆ ಹಾಕಿ ಕಬ್ಬಿಣದ ಮುಚ್ಚಳ ಎಬ್ಬಿಸಿದರು. ಒಬ್ಬ ಒಳಗೆ ಇಣುಕಿದ. ಇಣುಕಿದವನು ಹಾಗೇ ನೆಲಕ್ಕೆ ಕುಕ್ಕರಿಸಿದ.

‘ಏನೋ ಅದು?’ ಎಂಜಿನಿಯರ್ ಗದರಿದ.

‘ಮನುಷ್ಯ, ಸಾರ್.’

ಒಣಗಿದ ಗುಂಡಿಯ ತಳದಲ್ಲಿ ಮೂಳೆಗಳು. ಮೂಳೆಗಳ ಮೇಲೆ ಖಾಕಿ ಅಂಗಿ. ಪಕ್ಕದಲ್ಲಿ ಒಂದು ಕೋಲು. ಹಲ್ಲುಗಳ ನಡುವೆ, ತುಕ್ಕು ಹಿಡಿದ ಸೀಟಿ.

ಅಮ್ಮಂದಿರ ಕೈಗಳು ಮಕ್ಕಳ ಕಣ್ಣಿಗೆ ಅಡ್ಡ ಬಂದವು. ಪಾರ್ಕಿನ ಎದುರಿನ ಇಸ್ತ್ರಿ ಅಂಗಡಿಯವಳು ಮಾತ್ರ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಬಗ್ಗಿ ನೋಡಿದಳು. ಖಾಕಿ ಅಂಗಿಯ ಹೆಗಲಿಗೆ ನೀಲಿ ದಾರದಲ್ಲಿ ಹಾಕಿದ ತೇಪೆಯಿತ್ತು. ಖಾಕಿ ದಾರ ಮುಗಿದಿದ್ದ ದಿನ ಅವಳೇ ಹಾಕಿದ್ದು.

‘ನಮ್ಮಪ್ಪ,’ ಎಂದಳು. ‘ನಮ್ಮಪ್ಪ ಎಲ್ಲೂ ಓಡಿಹೋಗಿರಲಿಲ್ಲ.’

ಹೋರಾಟದ ಮುಂದಾಳು, ಬಡಾವಣೆಯ ಶಾಲೆಯ ಡ್ರಿಲ್ ಮಾಸ್ತರ್, ಅವಳ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಕರೆತಂದ.

‘ನೋಡಬೇಡಮ್ಮ,’ ಎಂದ. ‘ನೋಡಬೇಡ.’

*

ಇನ್‌ಸ್ಪೆಕ್ಟರ್ ಆ ಠಾಣೆಗೆ ಹೊಸಬಳು. ಹಳೆಯ ಕತೆಯನ್ನು ಪೇದೆಗಳು ಹೇಳಿದರು. ಪಾರ್ಕಿನ ಕಾವಲುಗಾರ ಒಂದು ಸಂಜೆ ಎಂದಿನಂತೆ ಸೀಟಿ ಊದಿ ಮಕ್ಕಳನ್ನು ಮನೆಗೆ ಕಳಿಸಿದ. ಬೆಳಗಾದರೆ ಗೇಟಿಗೆ ಬೀಗ. ಕಾವಲುಗಾರ ಇಲ್ಲ, ನೀರೆತ್ತುವ ಮೋಟಾರೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ಬಡಾವಣೆಯೆಲ್ಲ ಆಡಿಕೊಂಡಿತು. ಕಾಯುವವರಿಲ್ಲ, ನೀರಿಲ್ಲ ಎಂದು ನಗರಸಭೆ ಹೊಸ ಬೀಗ ಜಡಿಯಿತು.

ಇಸ್ತ್ರಿ ಅಂಗಡಿಯಲ್ಲಿ ಪೆಟ್ಟಿಗೆ ತಣ್ಣಗಿತ್ತು. ಮಡಿಸದ ಬಟ್ಟೆಗಳ ನಡುವೆ ಅವಳು ಕೂತಿದ್ದಳು.

‘ಅಪ್ಪ ಕಾಣಿಸದಿದ್ದಾಗ ದೂರು ಕೊಡಲಿಲ್ವಾ?’ ಇನ್‌ಸ್ಪೆಕ್ಟರ್ ಕೇಳಿದಳು.

‘ಕೊಡೋಕೆ ಬಂದಿದ್ದೆ. ಮೊದಲು ಮೋಟಾರು ತಂದುಕೊಡು, ಆಮೇಲೆ ಅಪ್ಪನ್ನ ಹುಡುಕೋಣ ಅಂದ್ರು. ಈಗ ನೀವು ಕೂರ್ತೀರಲ್ಲ, ಅದೇ ಕುರ್ಚೀಲಿ ಕೂತಿದ್ದೋರು.’

ಇನ್‌ಸ್ಪೆಕ್ಟರ್ ಅವಳ ಎದುರಿಗೆ ನೆಲದ ಮೇಲೇ ಕೂತಳು.

‘ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ ಅಕ್ಕ. ನಮ್ಮಪ್ಪಂದು ಮೋಟಾರಿಗೆ ಹೋಯ್ತು. ಜನ ಈಗಲೂ ಬಟ್ಟೆ ಕೊಡೋ ಮುಂಚೆ ಜೇಬು ಎರಡೆರಡು ಸಲ ತಡಕಿ ಕೊಡ್ತಾರೆ.’

‘ಆದ್ರೂ ಆ ಜನರ ಜೊತೆ ಗೇಟಿನ ಮುಂದೆ ಹೋಗಿ ಕೂತೆ?’

‘ಒಳಗೆ ಅಪ್ಪನ ಕುರ್ಚಿ ಇತ್ತು. ಒಂದ್ಸಲ ನೋಡ್ಬೇಕು ಅನ್ನಿಸ್ತಿತ್ತು.’ ಅವಳು ಮೂಗೊರೆಸಿಕೊಂಡಳು. ‘ಅವರ ಹೆಸರು ತೊಳೆದುಕೊಡಿ. ಇನ್ನೇನೂ ಬೇಡ.’

ಹೊರಗೆ ಬರುವಷ್ಟರಲ್ಲಿ ಆಸ್ಪತ್ರೆಯ ವೈದ್ಯರ ಫೋನು.

‘ಸೊಂಟದ ಮೂಳೆ ಮುರಿದಿದೆ. ಹಿಂದಿನಿಂದ ಬಲವಾದ ಹೊಡೆತ. ತಲೆಗೆ ಪೆಟ್ಟಿಲ್ಲ.’

‘ಬಿದ್ದ ತಕ್ಷಣ ಸತ್ತಿದ್ದಾರಾ?’

‘ಇಲ್ಲ ಮೇಡಂ. ಮೂಳೆ ಎತ್ತಿಸುವಾಗ ನಾನೂ ಅಲ್ಲಿದ್ದೆ. ಮುಚ್ಚಳದ ಒಳಮೈ ನೋಡಿ. ಕೋಲಿನಿಂದ ಕುಟ್ಟಿದ ಗುರುತುಗಳಿವೆ. ತುಂಬಾ ಇವೆ.’

ಇನ್‌ಸ್ಪೆಕ್ಟರ್ ಫೋನು ಕೆಳಗಿಳಿಸಿದಳು. ಎದುರಿಗೆ ಬೀದಿಯಲ್ಲಿ ಮಕ್ಕಳು ಚೆಂಡು ಒದೆಯುತ್ತಿದ್ದರು.

*

ಠಾಣೆಯಲ್ಲಿ ಎಂಜಿನಿಯರ್ ಬೆವರುತ್ತಿದ್ದ.

‘ಕಾವಲುಗಾರ ಕಾಣೆಯಾದಾಗಲೇ ಗುಂಡಿ ಯಾಕೆ ತೆಗೆಸಿ ನೋಡಲಿಲ್ಲ?’

‘ಹೋಗಿದ್ದು ಮೋಟಾರು ಮೇಡಂ. ಗುಂಡಿ ಅಲ್ವಲ್ಲ!’

‘ಅಲ್ಲಿ ವಾಹನ ನಿಲ್ಲಿಸೋ ಕಟ್ಟಡ ಕಟ್ಟಬೇಕು ಅಂತ ನಿಮಗೆ ಆಸೆ ಇತ್ತಂತೆ. ಪಾರ್ಕು ಮುಚ್ಚಿದ್ದು ಅನುಕೂಲವೇ ಆಯ್ತು.’

‘ಆಸೆ ಇತ್ತು, ಸುಳ್ಳು ಹೇಳಲ್ಲ. ಆದ್ರೆ ಹೆಣ ಇದೆ ಅಂತ ಗೊತ್ತಿದ್ರೆ ನಾನೇ ನಿಂತು ಮುಚ್ಚಳ ತೆಗೆಸ್ತಿದ್ನಾ?’ ಅವನು ಕನ್ನಡಕ ತೆಗೆದು ಒರೆಸಿದ. ‘ನೀರು ಬೇಡ ಅಂತಲೇ ಈ ಜನ ಮೊದಲು ಹೇಳಿದ್ದು. ಮುಂಭಾಗ ಮಾತ್ರ ತೆರೀರಿ, ಹಿಂದಕ್ಕೆ ಗೋಡೆ ಹಾಕಿ ಅಂತ. ಆಮೇಲೆ ಹೆಂಗಸರು ಹಟ ಹಿಡಿದ್ರು, ನಲ್ಲಿ ಬೇಕೇ ಬೇಕು ಅಂತ.’

ಮಾತಿನಲ್ಲಿ ಹುರುಳಿತ್ತು. ಅವನನ್ನು ಕಳಿಸಿದಳು.

ಮುಂದಿನವನು ಗುಜರಿಯವನು. ಪಾರ್ಕಿನ ಕಬ್ಬಿಣದ ಸರಳು ಕೀಳುವಾಗ ಕಾವಲುಗಾರನ ಕೈಗೆ ಸಿಕ್ಕಿಬಿದ್ದಿದ್ದ. ‘ನಿನ್ನ ಹೂತುಹಾಕ್ತೀನಿ’ ಎಂದು ಬೀದಿಯಲ್ಲೇ ಕೂಗಾಡಿದ್ದ. ಪೇದೆಗಳ ಮುಖದಲ್ಲಿ ಗೆಲುವು ಕಂಡಿತು.

‘ಆವತ್ತು ಸಂಜೆ ಎಲ್ಲಿದ್ದೆ?’

‘ಇಲ್ಲೇ.’

‘ಇಲ್ಲೇ ಅಂದ್ರೆ?’

‘ನಿಮ್ಮ ಲಾಕಪ್ಪಲ್ಲಿ ತಾಯಿ! ಸರಳಿನ ಕೇಸಲ್ಲಿ ಒಳಗೆ ಹಾಕಿದ್ರಲ್ಲ. ಬೇಕಾದ್ರೆ ಈ ದಪ್ಪ ಮೀಸೆಯೋರನ್ನೇ ಕೇಳಿ. ಬೆಳತನಕ ಗೊರಕೆ ಹೊಡೆದು ನನಗೆ ನಿದ್ದೆ ಕೊಡಲಿಲ್ಲ.’

ದಪ್ಪ ಮೀಸೆಯ ಪೇದೆ ಗೋಡೆ ನೋಡತೊಡಗಿದ. ಆ ದಾರಿಯೂ ಮುಚ್ಚಿತು.

*

ಗೇಟಿನ ಬಳಿ ಅಮ್ಮಂದಿರು ಈಗ ಘೋಷಣೆ ಕೂಗುತ್ತಿರಲಿಲ್ಲ. ಗುಂಪಾಗಿ ಸುಮ್ಮನೆ ನಿಂತಿರುತ್ತಿದ್ದರು. ಇನ್‌ಸ್ಪೆಕ್ಟರ್ ಯೂನಿಫಾರಂ ಬಿಟ್ಟು ಹೋದಳು. ಜೊತೆಗೆ ಮಗಳನ್ನೂ ಕರೆದೊಯ್ದಳು. ಮಗು ಸೆರಗು ಎಳೆಯುತ್ತಿರುವ ಹೆಂಗಸಿನ ಮುಂದೆ ಇನ್ನೊಬ್ಬ ಹೆಂಗಸು ಬೇಗ ಬಾಯಿ ಬಿಡುತ್ತಾಳೆ.

‘ಆ ಕೊನೇ ಸಂಜೆ ನೆನಪಿದೆಯಾ?’

‘ನೆನಪಿಲ್ದೇನು!’ ಎಂದಳು ಅವಳಿ ಮಕ್ಕಳ ತಾಯಿ. ‘ನನ್ನ ಎರಡು ಪಿಡುಗುಗಳು ಒಂದೇ ಕರೆಗೆ ಬಂದ ದಿನ ಅದೊಂದೇ ಕಣ್ರೀ. ಪಾಪ, ಅಜ್ಜ ದಿನಾ ಉದ್ದಕ್ಕೆ ಸೀಟಿ ಊದ್ತಿದ್ರು. ಗೂರಲಿನೋರ ಹಾಗೆ, ಕೊನೇಲಿ ಉಸಿರೇ ಇರ್ತಿರಲಿಲ್ಲ. ಯಾವ ಮಗು ಕೇಳ್ತಿತ್ತು? ಕಿವಿ ಹಿಂಡಿ ಎಳ್ಕೊಂಡು ಹೋಗ್ಬೇಕಿತ್ತು. ಆವತ್ತು ಮಾತ್ರ ಜಾರುಬಂಡಿ ಬಿಟ್ಟು ಓಡಿಬಂದು ಸಾಲಾಗಿ ನಿಂತವು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.’

‘ಸಾಲಾಗಿ?’

‘ಗಿಡ್ಡರು ಮುಂದೆ, ಉದ್ದದೋರು ಹಿಂದೆ! ನನ್ನ ಚಿಕ್ಕೋಳು ಬೇರೆ ಏನೋ ಕೇಳಿದಳು. ಅಮ್ಮಾ, ಅಜ್ಜ ಎರಡು ಕಡೆಯಿಂದ ಸೀಟಿ ಊದ್ತಾರಾ, ಇನ್ನೊಂದು ನೆಲದೊಳಗಿಂದ ಬರ್ತಿದೆ ಅಂತ. ಸಾಕು ನಡಿ, ಅನ್ನಕ್ಕಿಡಬೇಕು ಅಂತ ಎಳ್ಕೊಂಡು…’

ಅವಳ ಬಾಯಿ ತೆರೆದೇ ಉಳಿಯಿತು. ಗೇಟಿನ ಸರಳು ಹಿಡಿದು ಹಾಗೇ ಕೆಳಗೆ ಕೂತಳು.

‘ಅಯ್ಯೋ. ಅಯ್ಯೋ, ಅದು…’

ಇನ್‌ಸ್ಪೆಕ್ಟರ್ ಅವಳ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅಳು ಮುಗಿಯುವವರೆಗೆ ಕಾದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

‘ನೀರು ಬೇಡ, ಹಿಂದಕ್ಕೆ ಗೋಡೆ ಹಾಕಿ ಅಂತ ಮೊದಲು ಯಾರು ಹೇಳಿದ್ದು?’

‘ಮಾಸ್ತರು. ನೀರು ಮನೆಯಿಂದಲೇ ತರೋಣ, ನಗರಸಭೆಗೆ ಯಾಕೆ ಭಾರ ಅಂತ. ಗಂಡಸರಿಗೇನು ಗೊತ್ತು, ಆಡೋ ಮಕ್ಕಳ ಬಾಯಾರಿಕೆ. ನಾವೇ ಜಗಳ ಆಡಿ ನಲ್ಲಿ ಸೇರಿಸಿದ್ವಿ. ಒಳ್ಳೇ ಮನುಷ್ಯ, ಪಾಪ. ಆವತ್ತು ಊರಲ್ಲೂ ಇರಲಿಲ್ಲ, ರಾತ್ರಿ ಬಸ್ಸಿಗೆ ಮಕ್ಕಳನ್ನ ಕ್ರೀಡಾಕೂಟಕ್ಕೆ ಕರ್ಕೊಂಡು ಹೋದ್ರು. ಬಂದ ಮೇಲೆ ಪಳಪಳ ಅಂತಿದ್ದ ಕಾರನ್ನೂ ಮಾರಿಬಿಟ್ರು, ಕಣ್ಣು ಮಂಜು ಅಂತ.’

*

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮಗಳನ್ನು ಶಾಲೆಗೆ ಬಿಡಲು ಹೋದಳು. ಒಂದು ಕೈಯಲ್ಲಿ ಮಗಳ ಚೀಲ, ಇನ್ನೊಂದರಲ್ಲಿ ಊಟದ ಡಬ್ಬಿ. ಮೈದಾನದ ತುಂಬ ಮಕ್ಕಳು. ಸಂತೆಯಂಥ ಗದ್ದಲ.

ಡ್ರಿಲ್ ಮಾಸ್ತರ್ ಕಟ್ಟೆ ಹತ್ತಿದ. ಕೊರಳಿನ ಸೀಟಿ ಬಾಯಿಗಿಟ್ಟ.

ಚಿಕ್ಕದು. ಚಿಕ್ಕದು. ಉದ್ದ.

ಗದ್ದಲ ಕತ್ತರಿಸಿದಂತೆ ನಿಂತಿತು. ಮಗಳು ಅಮ್ಮನ ಕೈ ಬಿಟ್ಟು ಓಡಿದಳು. ಗಿಡ್ಡರು ಮುಂದೆ. ಉದ್ದದವರು ಹಿಂದೆ.

ಡಬ್ಬಿ ಅಮ್ಮನ ಕೈಯಲ್ಲೇ ಉಳಿಯಿತು.

ಮಧ್ಯಾಹ್ನ ಮಾಸ್ತರ್ ಊಟಕ್ಕೆ ಹೋದಾಗ ಪೇದೆಗಳು ಬೀಗ ಒಡೆದು ಶಾಲೆಯ ಆಟದ ಸಾಮಾನಿನ ಕೋಣೆ ತೆಗೆದರು. ಅದರ ಕೀಲಿ ಮಾಸ್ತರ್ ಬಳಿ ಮಾತ್ರ ಇರುತ್ತಿತ್ತು. ಮೂಲೆಯಲ್ಲಿ ಹರಿದ ಚಾಪೆಗಳ ರಾಶಿ. ರಾಶಿಯ ತಳದಲ್ಲಿ, ನಗರಸಭೆಯ ಮುದ್ರೆಯಿದ್ದ ಮೋಟಾರು.

*

ಸಂಜೆ ಬಡಾವಣೆಯವರೆಲ್ಲ ಗೇಟಿನ ಬಳಿ ಸೇರಿದರು. ಇಸ್ತ್ರಿ ಅಂಗಡಿಯವಳು ಎಲ್ಲರ ಹಿಂದೆ ನಿಂತಿದ್ದಳು. ಮಕ್ಕಳು ಎಂದಿನಂತೆ ಬೀದಿಯಲ್ಲಿ ಆಡುತ್ತಿದ್ದರು.

‘ಮಾಸ್ತರೇ,’ ಎಂದಳು ಇನ್‌ಸ್ಪೆಕ್ಟರ್, ‘ಕಾವಲುಗಾರ ಅಜ್ಜ ಹೇಗೆ ಸೀಟಿ ಊದ್ತಿದ್ರು, ಒಮ್ಮೆ ಊದಿ ತೋರಿಸ್ತೀರಾ?’

ಮಾಸ್ತರ್ ಅವಳ ಮುಖ ನೋಡಿದ. ಜನರನ್ನು ನೋಡಿದ. ನಿಧಾನವಾಗಿ ಸೀಟಿ ಬಾಯಿಗಿಟ್ಟು, ಎಚ್ಚರದಿಂದ, ಒಂದೇ ಉದ್ದಕ್ಕೆ ಊದಿದ.

ಬೀದಿಯಲ್ಲಿ ಒಂದು ಮಗುವೂ ತಿರುಗಿ ನೋಡಲಿಲ್ಲ. ಚೆಂಡು ಗೋಡೆಗೆ ಬಡಿಯಿತು.

‘ಹೌದು. ಹೀಗೇ ಊದ್ತಿದ್ರು. ಹೀಗೇ ಮಕ್ಕಳು ಕೇಳ್ತಿರಲಿಲ್ಲ. ಹಾಗಾದ್ರೆ ಆ ಸಂಜೆ ಮಕ್ಕಳು ಓಡಿಬಂದು ಸಾಲು ನಿಂತದ್ದು ಯಾರ ಸೀಟಿಗೆ?’

ಅವಳಿ ಮಕ್ಕಳ ತಾಯಿಯ ಕಣ್ಣು ಮಾಸ್ತರ್ ಕೊರಳಿಗೆ ಹೋಯಿತು. ಒಬ್ಬೊಬ್ಬರದೇ ಕಣ್ಣು ಅಲ್ಲಿಗೆ ಹೋಯಿತು.

‘ಸಂಜೆ ಸೀಟಿ ಕೇಳಿಸ್ತು, ಅಂದ್ರೆ ಅಜ್ಜ ಆಗ ಗಟ್ಟಿಯಾಗೇ ಇದ್ರು, ಆದದ್ದೆಲ್ಲ ರಾತ್ರಿ ಆಗಿದೆ ಅಂತ ಎಲ್ಲರೂ ನಂಬಿದ್ವಿ. ರಾತ್ರಿ ನೀವು ಬಸ್ಸಿನಲ್ಲಿ ಇದ್ರಿ. ಆದ್ರೆ ಅಜ್ಜ ಆಗಲೇ ಗುಂಡಿಯಲ್ಲಿದ್ರು. ಅವರ ಸೀಟಿ ಅವರ ಬಾಯಲ್ಲೇ ಇತ್ತು. ಎರಡನೇ ಸೀಟಿ ಅದು. ನೆಲದೊಳಗಿಂದ ಬಂದದ್ದು. ಅದು ಯಾರಿಗೂ ಕೇಳಿಸಬಾರದು ಅಂತ ನೀವು ನಿಮ್ಮದನ್ನ ಊದಿದ್ರಿ. ಅವಸರದಲ್ಲಿ ಬೆರಳಿಗೂ ಬಾಯಿಗೂ ರೂಢಿಯಾದದ್ದೇ ಬಂತು. ಮೋಟಾರು ಸಿಕ್ಕಿದೆ ಮಾಸ್ತರೇ. ಚಾಪೆಗಳ ಕೆಳಗೆ.’

ಮಾಸ್ತರ್ ನಿಂತಲ್ಲೇ ಕುಗ್ಗಿದ.

‘ಕಾರು ತೊಳೆಯೋಕೆ ಹಿಂದಿನ ಗೇಟಿನಿಂದ ಒಳಗೆ ಬಿಡ್ತಿದ್ದ,’ ಎಂದ. ದನಿ ಮಕ್ಕಳ ದನಿಯಷ್ಟಾಗಿತ್ತು. ‘ಸ್ನೇಹಕ್ಕೆ. ಕಾರು ಓಡಿಸಬೇಡ ಅಂತ ಕಣ್ಣಿನ ಡಾಕ್ಟರು ಹೇಳಿದ್ರು. ನಾನು ಯಾರಿಗೂ ಹೇಳಿರಲಿಲ್ಲ. ಅವನು ಗುಂಡಿ ತೆಗೆದು ಬಗ್ಗಿ ನೋಡ್ತಿದ್ದ. ಕಾರು ಹಿಂದಕ್ಕೆ ತೆಗೆದೆ. ಕಾಣಲಿಲ್ಲ.’

‘ಬಿದ್ದಾಗ ಮಾತಾಡಿದ್ರಾ?’

‘ಆಸ್ಪತ್ರೆಗೆ ಕರ್ಕೊಂಡು ಹೋಗಿ ಮಾಸ್ತರೇ ಅಂದ.’

ಯಾರೋ ಬಿಕ್ಕಿದರು.

‘ಬೇಲಿಯಾಚೆ ಮಕ್ಕಳಿದ್ವು. ನನ್ನ ಮಕ್ಕಳು. ಓಡಿಬಂದು ನನ್ನನ್ನ ಆ ಸ್ಥಿತೀಲಿ ನೋಡ್ತಾವಲ್ಲ ಅಂತ ಮುಚ್ಚಳ ಎಳೆದೆ. ಅವು ಹೋದ ಮೇಲೆ ತೆಗೆಯೋಣ ಅಂತ. ಅವು ಹೋದ್ವು. ಒಳಗೆ ಕುಟ್ಟೋದು ಕೇಳಿಸ್ತಿತ್ತು. ಆಗ… ತೆಗೆದ್ರೆ ಇವನು ಎಲ್ಲರಿಗೂ ಹೇಳ್ತಾನೆ ಅನ್ನಿಸ್ತು. ಅವನೇ ಕದ್ದು ಓಡಿದ ಅಂತ ಜನ ಅಂದ್ಕೊಳ್ಳಲಿ ಅಂತ ಮೋಟಾರು ಬಿಚ್ಚಿ ಕಾರಿಗೆ ಹಾಕಿದೆ, ಗೇಟಿಗೆ ಬೀಗ ಹಾಕಿದೆ.’

‘ಮತ್ತೆ ಪಾರ್ಕು ತೆಗೀರಿ ಅಂತ ನೀವೇ ಯಾಕ್ರೀ ಕೂಗಿದ್ದು?’ ಅವಳಿ ಮಕ್ಕಳ ತಾಯಿ ಚೀರಿದಳು. ‘ದಿನಾ ನಮ್ಮ ಜೊತೆ ನಿಂತು!’

ಉತ್ತರ ಕೊಟ್ಟವಳು ಇನ್‌ಸ್ಪೆಕ್ಟರ್.

‘ಹೋರಾಟ ಶುರು ಮಾಡಿದ್ದು ನೀವು, ಅಮ್ಮಂದಿರು. ಅದನ್ನ ನಿಲ್ಲಿಸೋಕೆ ಅವರಿಂದ ಆಗ್ತಿರಲಿಲ್ಲ. ಮುಂದೆ ನಿಂತರೆ ಎಲ್ಲಿಯವರೆಗೆ ಹೋಗಬೇಕು ಅಂತ ಹೇಳಬಹುದಲ್ಲ. ಮುಂಭಾಗ ತೆರೆದು ಹಿಂದಕ್ಕೆ ಗೋಡೆ ಬಿದ್ದಿದ್ರೆ ಆ ಗುಂಡಿ ಯಾರಿಗೂ ಸಿಗ್ತಿರಲಿಲ್ಲ. ಮಕ್ಕಳಿಗೆ ಕುಡಿಯೋ ನೀರು ಬೇಕು ಅಂತ ನೀವು ಹಟ ಹಿಡಿಯದಿದ್ರೆ.’

ಇಸ್ತ್ರಿ ಅಂಗಡಿಯವಳು ಮುಂದೆ ಬಂದಳು. ಜನ ತಾವಾಗಿಯೇ ದಾರಿ ಬಿಟ್ಟರು. ಅವಳು ಮಾಸ್ತರ್ ಮುಂದೆ ನಿಂತಳು. ಕೈ ಎತ್ತಲಿಲ್ಲ, ಬೈಯಲೂ ಇಲ್ಲ.

‘ಈ ಹೆಗಲು ಹಿಡಿದು ನೋಡಬೇಡಮ್ಮ ಅಂದ್ರಲ್ಲ,’ ಎಂದಳು. ‘ಇದೇ ಕೈಯಲ್ಲಿ.’

*

ಪಾರ್ಕು ತೆರೆಯಿತು. ಗುಂಡಿ ಮುಚ್ಚಿಸಿ ಮುಂಭಾಗದಲ್ಲಿ ನಲ್ಲಿ ಹಾಕಿಸಿದರು. ನಗರಸಭೆ ಕಾವಲಿನ ಕೆಲಸವನ್ನು ಇಸ್ತ್ರಿ ಅಂಗಡಿಯವಳಿಗೆ ಕೊಟ್ಟಿತು. ತುಕ್ಕು ಹಿಡಿದ ಕುರ್ಚಿಗೆ ಅವಳೇ ಬಣ್ಣ ಬಳಿದಳು. ಬಟ್ಟೆ ಕೊಡಲು ಬಂದವರು ಈಗ ಜೇಬು ತಡಕುತ್ತಿರಲಿಲ್ಲ. ಹಾಗೆಂದು ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಧೈರ್ಯವೂ ಅವರಿಗಿರಲಿಲ್ಲ.

ಮೊದಲ ಸಂಜೆ ಇನ್‌ಸ್ಪೆಕ್ಟರ್ ಒಂದು ಹೊಸ ಸೀಟಿ ತಂದುಕೊಟ್ಟಳು. ಕತ್ತಲಾಗುತ್ತಿತ್ತು. ಇಸ್ತ್ರಿ ಅಂಗಡಿಯವಳು ಅದನ್ನು ಬಾಯಿಗಿಟ್ಟು ಒಂದೇ ಉದ್ದಕ್ಕೆ ಊದಿದಳು. ಅಳು ಒತ್ತರಿಸಿಕೊಂಡು ಬಂದು ಕೊನೆಯಲ್ಲಿ ಬರೀ ಉಸಿರು ಹೊರಟಿತು.

ಉಯ್ಯಾಲೆ ನಿಲ್ಲಲಿಲ್ಲ. ಜಾರುಬಂಡಿಯಿಂದ ಒಂದು ಮಗುವೂ ಇಳಿಯಲಿಲ್ಲ. ಅವಳಿಗಳು ಮರಳಿನಲ್ಲಿ ಇನ್ನಷ್ಟು ಆಳಕ್ಕೆ ಕೈ ಹಾಕಿದವು.

‘ಕೇಳೋದೇ ಇಲ್ವಲ್ಲ ಇವು!’ ಎಂದು ಅವುಗಳ ತಾಯಿ ಎದ್ದಳು, ಕಿವಿ ಹಿಂಡಲು.

‘ಇರಲಿ ಅಕ್ಕ, ಕೂತ್ಕೊಳ್ಳಿ,’ ಎಂದಳು ಕಾವಲುಗಾರನ ಮಗಳು. ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ‘ಅಪ್ಪಂದೂ ಯಾರೂ ಕೇಳ್ತಿರಲಿಲ್ಲ.’