ಮರಳಿನಡಿಯಿಂದ ಬಂದ ಹಸಿರು

ಬೆಳಗಿನ ಇಳಿತಕ್ಕೆ ಸಮುದ್ರ ಹಿಂದೆ ಸರಿದಾಗ ಸಿಂಪಿ ಸಾಕುವವನು ತನ್ನ ಬುಟ್ಟಿಗಳ ನಡುವೆ ಕುಸಿದು ಕೂತಿದ್ದ. ಒಂದೊಂದು ಬುಟ್ಟಿಯಲ್ಲೂ ಸಿಂಪಿಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಜೀವವಿರುವ ಸಿಂಪಿ ನೀರಿನಿಂದ ಹೊರಬಂದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಇವೆಲ್ಲ ಸತ್ತಿದ್ದವು. ಮೇಲೆ ದಪ್ಪಗೆ ಹಸಿರು ಪಾಚಿ. ಮೂಗು ಮುಚ್ಚಿಕೊಳ್ಳುವಂಥ ಕೊಳೆತ ವಾಸನೆ.

"ಯಾರೋ ಹೊಟ್ಟೆಕಿಚ್ಚಿಗೆ ಮಾಡಿದ್ದು, ಮೇಡಂ. ಗೊಬ್ಬರ ಸುರಿದಿದ್ದಾರೆ."

"ಗೊಬ್ಬರ ಅಂತ ಹೇಗೆ ಗೊತ್ತು?" ಇನ್‌ಸ್ಪೆಕ್ಟರ್ ಬೂಟು ಕಳಚುತ್ತ ಕೇಳಿದಳು.

"ಪಾಚಿಗೆ ಗೊಬ್ಬರ ಸಿಕ್ಕರೆ ಹೀಗೇ ಹಬ್ಬೋದು. ಅದು ಕೊಳೆತರೆ ನೀರಲ್ಲಿ ಉಸಿರೇ ಇರಲ್ಲ. ಇವು ಉಸಿರುಗಟ್ಟಿ ಸತ್ತಿವೆ."

ಅವಳು ಪ್ಯಾಂಟು ಮಡಚಿ ನೀರಿಗಿಳಿದಳು. ಬಿಸಿಲಿಗೆ ಸುತ್ತಲಿನ ನೀರು ಬೆಚ್ಚಗಾಗಿತ್ತು. ಬುಟ್ಟಿಗಳಿದ್ದಲ್ಲಿ ಮಾತ್ರ ಅಂಗಾಲಿಗೆ ತಣ್ಣಗೆ ತಾಗಿತು.

"ಇಲ್ಲೇನು ಇಷ್ಟು ತಂಪು?"

"ಇಲ್ಲಿ ಮೊದಲಿಂದಲೂ ಹಾಗೇ. ಚಿಕ್ಕವರಿದ್ದಾಗ ಅಣ್ಣ ಇಲ್ಲಿ ಮರಳು ಬಗೆದು ನಂಗೆ ಸಿಹಿನೀರು ಕುಡಿಸ್ತಿದ್ದ." ಅವನು ಬಾಯಿಬಿಟ್ಟ ಸಿಂಪಿಯೊಂದನ್ನು ಕೈಗೆತ್ತಿಕೊಂಡ. "ಆ ನೀರಿಗೇ ಸಿಂಪಿ ಕೊಬ್ಬೋದು, ಮೇಡಂ. ನನ್ನ ಹೆಸರೆಲ್ಲ ಈ ಜಾಗದಿಂದಲೇ."

ಅವಳು ತಲೆಯಾಡಿಸಿದಳು. ಆ ಮಾತಿನ ತೂಕ ಆಗ ಅವಳಿಗೆ ತಿಳಿಯಲಿಲ್ಲ.

* * *

ಸಂಜೆಯೊಳಗೆ ಕೇಸು ಮುಗಿದೇ ಹೋಯಿತು. ಮುಗಿಸಿದವನು ಸಬ್ ಇನ್‌ಸ್ಪೆಕ್ಟರ್. ಠಾಣೆಯಲ್ಲಿ ಎಲ್ಲರೂ ಅವನನ್ನು ಚುರುಕ ಎಂದೇ ಕರೆಯುತ್ತಿದ್ದರು. ಪಕ್ಕದ ದಂಡೆಯಲ್ಲಿ ಸಿಂಪಿ ಸಾಕುವ ಗುಂಗುರು ಕೂದಲಿನವನನ್ನು ಅವನು ಹಿಡಿದು ತಂದಿದ್ದ. ದೋಣಿಯಲ್ಲಿ ಖಾಲಿ ಗೊಬ್ಬರದ ಚೀಲ. ಹಳೇ ಜಗಳ. ಇನ್ನೇನು ಬೇಕು?

ಮೇಲಧಿಕಾರಿ ಎಲ್ಲರೆದುರೇ ಚುರುಕನ ಬೆನ್ನು ತಟ್ಟಿದರು. "ಹೀಗಿರಬೇಕು ಕೆಲಸ!"

ಇನ್‌ಸ್ಪೆಕ್ಟರಳ ಬೆನ್ನನ್ನು ಯಾರೂ ಹೀಗೆ ತಟ್ಟಿರಲಿಲ್ಲ. ಲಾಕಪ್ಪಿನಲ್ಲಿ ಗುಂಗುರು ಕೂದಲಿನವನು ಕೂಗಾಡುತ್ತಿದ್ದ.

"ಕೂರೋಕೆ ಹಾಸಿಕೊಂಡಿದ್ದ ಚೀಲ ಕಣ್ರೀ ಅದು! ಹೂಗಿಡದ ನರ್ಸರಿಯವನ ಹತ್ತಿರ ಕೇಳಿ ತಂದಿದ್ದು."

"ಯಾವ ನರ್ಸರಿ?" ಅವಳು ಕೇಳಿದಳು.

"ದಂಡೆ ಮೇಲಿನ ದಿಬ್ಬದ ಹಿಂದಿಂದು. ಸಿಂಪಿಯವನ ಅಣ್ಣಂದು. ಇಂಥ ಚೀಲ ರಾಶಿ ಹಾಕಿದಾನೆ, ಹೋಗಿ ನೋಡಿ."

"ಕತೆ ಹೇಳ್ತಾನೆ ಬಿಡಿ, ಮೇಡಂ," ಎಂದ ಚುರುಕ.

ಅವಳಿಗೆ ಬಿಡಲಾಗಲಿಲ್ಲ. ದೋಣಿಯಿಂದ ಸುರಿದಿದ್ದರೆ ಪಾಚಿ ಆಳದ ಕಡೆ ದಟ್ಟವಾಗಿರಬೇಕಿತ್ತು. ಬೆಳಿಗ್ಗೆ ಅವಳು ಕಂಡಾಗ ಅದು ದಂಡೆಯ ಅಂಚಿನಲ್ಲೇ ದಟ್ಟವಾಗಿದ್ದು, ಮುಂದೆ ಹೋದಂತೆ ತೆಳುವಾಗಿತ್ತು. ಹಾಗೆಂದುಕೊಂಡ ಮರುಕ್ಷಣವೇ ಅನುಮಾನ ಬಂತು. ಇದು ನಿಜವಾಗಿ ಕಂಡದ್ದೋ, ಚುರುಕನ ಕೇಸು ಕೆಡಲಿ ಎಂದು ಹೊಟ್ಟೆಕಿಚ್ಚು ಕಾಣಿಸಿದ್ದೋ? ಲಾಕಪ್ಪಿನ ಕಡೆ ನೋಡಿದಳು. ಕಂಡದ್ದು ನಿಜವಾದರೆ ಒಳಗಿರುವವನು ನಿರಪರಾಧಿ.

* * *

ಮರುದಿನ ನೀರಿನ ಲ್ಯಾಬಿನ ಟೆಕ್ನಿಷಿಯನ್ ಬುಟ್ಟಿಗಳ ಬುಡದಲ್ಲಿ ಉದ್ದನೆಯ ಕೊಳವೆ ಊರಿ ನೀರೆಳೆದಳು. ಮೀಟರ್ ನೋಡಿ ಹುಬ್ಬೇರಿಸಿದಳು.

"ಉಪ್ಪೇ ಇಲ್ಲ, ಮೇಡಂ. ಇದು ನೆಲದ ನೀರು. ದಿಬ್ಬದ ಆಚೆ ಇಂಗಿದ್ದು ಮರಳೊಳಗೆ ಜಿನುಗಿ ಇಲ್ಲಿ ಸಮುದ್ರಕ್ಕೆ ಸೇರುತ್ತೆ. ಗೊಬ್ಬರ ವಿಪರೀತ ಇದೆ."

"ದಿಬ್ಬದ ಮೇಲಿನ ಹೋಟೆಲಿನ ಕಕ್ಕಸಿನ ಗುಂಡಿಯಿಂದ ಬಂದಿರಬಹುದಾ?"

"ಅದನ್ನೂ ನೋಡಿದೆ. ಅದರ ನೀರು ಆಚೆ ಕೊಲ್ಲಿಗೆ ಹೋಗುತ್ತೆ."

"ಹಾಗಾದರೆ ಗೊಬ್ಬರ ಯಾವಾಗ ಸುರಿದದ್ದು? ಹೋದ ವಾರ?"

ಟೆಕ್ನಿಷಿಯನ್ ನಕ್ಕಳು. "ಮರಳಲ್ಲಿ ನೀರು ಓಡಲ್ಲ, ಮೇಡಂ. ತೆವಳುತ್ತೆ. ಸುರಿದು ತಿಂಗಳುಗಳೇ ಆಗಿರಬೇಕು."

* * *

ನರ್ಸರಿಯ ಬಾಗಿಲಲ್ಲಿ ಅಣ್ಣ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ಚುರುಕ ಅವನನ್ನು ಅನುಮಾನಿಸದೇ ಇದ್ದದ್ದು ಅದಕ್ಕೇ. ಇನ್‌ಸ್ಪೆಕ್ಟರ್ ಜೊತೆ ಚುರುಕ, ಟೆಕ್ನಿಷಿಯನ್ ಬಂದಿದ್ದರು; ಸಿಂಪಿ ಸಾಕುವ ತಮ್ಮನೂ ಬಂದಿದ್ದ.

ಅಣ್ಣ ಚಹಾಕ್ಕೆ ಹೇಳಿದ. ಕೆಲಸದವಳು ಕೊಡ ಹಿಡಿದು ಬೀದಿ ನಲ್ಲಿಗೆ ಹೊರಟಳು. ಅಂಗಳದಲ್ಲೇ ಬಾವಿಯಿತ್ತು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹೂಕುಂಡಗಳು.

"ಬಾವಿ ಕೆಟ್ಟಿದೆಯಾ?"

"ಹಳೇದು."

ಇನ್‌ಸ್ಪೆಕ್ಟರ್ ಗಿಡಗಳತ್ತ ನಡೆದಳು. ಎಲೆಗಳೆಲ್ಲ ಬಿಳಿಚಿಕೊಂಡಿದ್ದವು. ಗೋಡೆಯ ಬದಿಗೆ ಖಾಲಿ ಗೊಬ್ಬರದ ಚೀಲಗಳ ರಾಶಿ.

"ಇಷ್ಟು ಚೀಲ ಖಾಲಿಯಾಗಿದೆ. ಗಿಡಗಳು ಮಾತ್ರ ಉಪವಾಸ," ಎಂದಳು. "ಗೊಬ್ಬರ ಯಾರು ತಿಂದರು?"

ಅಣ್ಣನ ಕಣ್ಣು ಬಾವಿಯ ಕಡೆ ಹೋಯಿತು. ಚುರುಕ ಹಲಗೆ ಸರಿಸಿದ. ಟೆಕ್ನಿಷಿಯನ್ ಬಾವಿಯ ನೀರೆತ್ತಿ ನೋಡಿದಳು. "ಮೇಡಂ, ಕಡಲಂಚಲ್ಲಿ ಸಿಕ್ಕ ಗೊಬ್ಬರವೇ. ಇಲ್ಲಿ ಇನ್ನೂ ಗಟ್ಟಿ."

"ಕಾಲು ಮುರಿಯೋ ಮೊದಲೇ ಈ ಬಾವಿಗೆ ಸುರಿದಿರಿ," ಎಂದಳು ಇನ್‌ಸ್ಪೆಕ್ಟರ್. "ನಾವೆಲ್ಲ ಹೋದ ವಾರ ಯಾರು ಎಲ್ಲಿದ್ದರು ಅಂತ ಹುಡುಕಿದೆವು. ಇದರ ನೀರು ಎಲ್ಲಿ ಹೊರಬೀಳುತ್ತೆ ಅಂತ ತಿಳಿದಿರಬೇಕಾದವರು ನೀವು. ಮರಳು ಬಗೆದು ತಮ್ಮನಿಗೆ ಸಿಹಿನೀರು ಕುಡಿಸಿದವರು ನೀವೇ ಅಲ್ವಾ?"

ತಮ್ಮ ಗೋಡೆಗೆ ಒರಗಿದ. "ಅಣ್ಣ?"

ಅಣ್ಣ ಒಳಗೋಡೆಯತ್ತ ಬೆರಳು ಮಾಡಿದ. ಅಲ್ಲಿ ತಮ್ಮನ ಫೋಟೊ ಇದ್ದ ಪತ್ರಿಕೆಯ ತುಣುಕು.

"ಅಮ್ಮ ಅಂಟಿಸಿದ್ದು. ದಿನಾ ಒರೆಸ್ತಾಳೆ. ಓದಿ, ಮೇಡಂ. ಆ ಜಾಗ ಅವನೇ ಹುಡುಕಿದನಂತೆ! ಅವನಿಗೆ ನಡೆಯೋಕೂ ಬರದ ಕಾಲದಲ್ಲಿ ಹೆಗಲ ಮೇಲೆ ಹೊತ್ತು ತೋರಿಸಿದ್ದು ನಾನು. ಬಂದವರೆಲ್ಲ ಅವನನ್ನೇ ಕೇಳ್ತಾರೆ. ನನ್ನ ಹೂವು ಯಾರ ಕಣ್ಣಿಗೂ ಬೀಳಲ್ಲ." ದನಿ ಕುಗ್ಗಿತು. "ಒಂದು ಬೆಳೆ ಸೊರಗಲಿ ಅಂದ್ಕೊಂಡೆ. ಅಷ್ಟೇ. ಸಾಯಲಿ ಅಂತ ಅಲ್ಲ."

"ನನ್ನಿಂದ ತಪ್ಪಾಯ್ತು, ಮೇಡಂ," ಎಂದ ಚುರುಕ. ಮುಖ ಸಣ್ಣದಾಗಿತ್ತು. ಆ ಮುಖ ನೋಡಿದರೆ ಖುಷಿಯಾದೀತು ಎಂದು ಇನ್‌ಸ್ಪೆಕ್ಟರ್ ಅಂದುಕೊಂಡಿದ್ದಳು. ಆಗಲಿಲ್ಲ. ಪತ್ರಿಕೆಯ ತುಣುಕಿನಿಂದ ಅವಳಿಗೆ ಕಣ್ಣು ಕೀಳಲಾಗುತ್ತಿರಲಿಲ್ಲ.

"ಲಾಕಪ್ಪಿನಲ್ಲಿರೋನನ್ನ ಬಿಟ್ಟು ಬಾ," ಎಂದಳು ಮೆಲ್ಲಗೆ. "ನೀನೇ ಹೋಗಿ ಬಿಡು."

ಅಣ್ಣ ಟೆಕ್ನಿಷಿಯನ್ ಕಡೆ ತಿರುಗಿದ.

"ಈಗ ನಿಲ್ಲಿಸಿದೆನಲ್ಲ. ನೀರು ಸರಿಹೋಗುತ್ತಾ?"

"ನೀವು ನಿಲ್ಲಿಸಿ ತಿಂಗಳಾಯ್ತು. ಅದು ನಿಂತಿಲ್ಲ," ಎಂದಳು ಅವಳು. "ಸುರಿದದ್ದೆಲ್ಲ ಇನ್ನೂ ಮರಳೊಳಗೆ ದಾರಿಯಲ್ಲಿದೆ. ಅಷ್ಟೂ ಬಂದು ಮುಗಿಯೋತನಕ ಬರ್ತಾನೇ ಇರುತ್ತೆ."

ತಮ್ಮ ಕೆಳಗೆ ಬಿದ್ದಿದ್ದ ಊರುಗೋಲನ್ನು ಎತ್ತಿ ಅಣ್ಣನ ಕೈಗಿತ್ತ. ಮುಖ ಮಾತ್ರ ನೋಡಲಿಲ್ಲ.