ಕೇಳದೆ ಹಾಕಿದ ಕತ್ತರಿ

“ನನ್ನ ಕಾರ್ಡುಗಳಿಗೆ ಕತ್ತರಿ ಹಾಕಿದ್ದು ನೀವೇ ತಾನೇ?”

ಸ್ಟಾಫ್ ರೂಮಿನ ಬಾಗಿಲು ಗೋಡೆಗೆ ಬಡಿಯುವಂತೆ ತಳ್ಳಿಕೊಂಡು ಅವಳು ಒಳಗೆ ಬಂದಳು. ಅವಳು ಆ ಭಾಷಾ ಶಾಲೆಯ ಫ್ರೆಂಚ್ ವ್ಯಾಕರಣದ ಟೀಚರ್. ಎದುರಿಗೆ ಕುಳಿತಿದ್ದವನು ಉಚ್ಚಾರಣೆಯ ಮೇಷ್ಟ್ರು.

“ಹೌದು. ಯಾರೋ ತಪ್ಪಾಗಿ ಕತ್ತರಿಸಿಟ್ಟಿದ್ರು. ಅಂಟಿಸಿ, ಸರಿಯಾಗಿ ಕತ್ತರಿಸಿದೆ.”

ಅವಳ ಮೈಯೆಲ್ಲ ಉರಿದುಹೋಯಿತು.

“ಆ ಯಾರೋ ನಾನೇ ಸ್ವಾಮಿ.”

ಆ ಬೆಳಿಗ್ಗೆ ಪ್ರಿನ್ಸಿಪಾಲರು ಹಿಂದಿನ ಬೆಂಚಿನಲ್ಲಿ ಕುಳಿತು ಅವಳ ಪಾಠ ನೋಡಿದ್ದರು. ಪಾಠ ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು. ಅದಕ್ಕೆಂದೇ ಅವಳು ಒಂದೊಂದು ಕ್ರಿಯಾಪದವನ್ನೂ ರಟ್ಟಿನ ಕಾರ್ಡಿನ ಮೇಲೆ ಬರೆದು, ಧಾತು ಬೇರೆ, ಪ್ರತ್ಯಯ ಬೇರೆ ಮಾಡಿ ಕತ್ತರಿಸಿದ್ದಳು. ‘ನಾವು ಮಾತಾಡುತ್ತೇವೆ’ ಎನ್ನುವ ‘ಪಾರ್ಲೊಂ’ ಅವಳ ಕೈಯಲ್ಲಿ ‘ಪಾರ್ಲ್’ ಮತ್ತು ‘ಒಂ’ ಆಗಿತ್ತು. ಆ ‘ಒಂ’ ತೆಗೆದು ಇನ್ನೊಂದು ಧಾತುವಿಗೆ ಜೋಡಿಸಿದರೆ ಹೊಸ ಪದ ಸಿದ್ಧ.

ಮೇಷ್ಟ್ರಿಗೋ, ಪದವೆಂದರೆ ಬಾಯಿಂದ ಹೊರಡುವ ಧ್ವನಿ. ಅವನ ಕತ್ತರಿಗೆ ಸಿಕ್ಕಿ ಅದು ‘ಪಾರ್’, ‘ಲೊಂ’ ಎಂದು ಉಚ್ಚಾರದ ತುಂಡುಗಳಾಗಿತ್ತು.

“‘ನಾವು ಹಾಡ್ತೀವಿ’ ಅನ್ನೋಕೆ ಒಬ್ಬ ಹುಡುಗಿ ನಿಮ್ಮ ‘ಲೊಂ’ ಜೋಡಿಸಿದ್ಲು. ‘ಶಾಂತೊಂ’ ಹೋಗಿ ‘ಶಾಂಲೊಂ’ ಆಯ್ತು. ಇಡೀ ಕ್ಲಾಸು ನಕ್ಕಿತು, ಪ್ರಿನ್ಸಿಪಾಲರು ಎದ್ದು ಹೋದ್ರು. ಈಗ ಸಮಾಧಾನ ಆಯ್ತಾ?”

ಅವನ ಮುಖ ಬಿಳಿಚಿಕೊಂಡಿತು. “ನಿಮಗೆ ಸಹಾಯ ಆಗ್ಲಿ ಅಂತ...”

“ಕೇಳಿದ್ರಾ? ಪಕ್ಕದ ರೂಮಲ್ಲೇ ಇದ್ದೆ. ಮೊನ್ನೆ ನನಗೆ ಸುಸ್ತಾಗತ್ತೆ ಅಂತ ಟೈಮ್‌ಟೇಬಲ್ ಬದಲಾಯಿಸಿದ್ರಿ. ಗಾಳಿ ಬರ್ಲಿ ಅಂತ ನನ್ನ ಮೇಜು ಎಳೆಸಿದ್ರಿ. ನನಗೇನು ಬೇಕು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ?”

ಇಡೀ ಶಾಲೆಯಲ್ಲಿ ಅವಳ ಮನಸ್ಸು ಮೆಚ್ಚಿದ್ದು ಇವನೊಬ್ಬನನ್ನೇ. ಇವನ ಕೈಯಿಂದಲೇ ಹೀಗಾಗಬೇಕೇ? ಕೋಪ ಇಳಿಯಲಿಲ್ಲ.

ಅವನು ಎದ್ದು ಹೊರಟುಹೋದ. ‘ಹೇಡಿ’ ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಹಿಂತಿರುಗಿದ.

“ತಪ್ಪು ನನ್ನದು ಅಂತ ಪ್ರಿನ್ಸಿಪಾಲರಿಗೆ ಹೇಳಿಬಂದೆ. ಮಧ್ಯಾಹ್ನ ಇನ್ನೊಂದು ಸಲ ಪಾಠ ಮಾಡಬಹುದಂತೆ.”

“ಮತ್ತೆ ನನ್ನನ್ನ ಕೇಳದೇನೇ?”

ಅವನು ಹಣೆ ಚಚ್ಚಿಕೊಂಡ. ಅವಳಿಗೆ ನಗು ಬಂತು. ಹಲ್ಲು ಕಚ್ಚಿ ತಡೆದಳು. ಇಷ್ಟು ಬೇಗ ಇವನನ್ನು ಕ್ಷಮಿಸುವುದೇ?

“ಕೇಳೋಕೆ ಭಯ ಮೇಡಂ. ಬೇಡ ಅಂದ್ಬಿಟ್ರೆ? ಅದಕ್ಕೇ ಎಲ್ಲಾನೂ ಕೇಳದೆ ಮಾಡ್ತಾ ಬಂದೆ. ನಿಮ್ಮನ್ನ ಪ್ರೀತಿಸಿದ್ದೂ ಹಾಗೇನೇ.”

ಅವಳು ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು. ಹೊಸ ರಟ್ಟನ್ನು ಅವನ ಮುಂದೆ ದಬ್ಬಿದಳು.

“ಅದನ್ನ ಆಮೇಲೆ ನೋಡೋಣ. ನಾನು ಗೆರೆ ಎಳೆದ ಕಡೆ ಮಾತ್ರ ಕತ್ತರಿಸಿ.”

ಮಧ್ಯಾಹ್ನದ ಪಾಠ ಮುಗಿಸಿ ಬಂದಾಗ ಅವನು ಕಾರಿಡಾರಿನಲ್ಲೇ ಕಾಯುತ್ತಿದ್ದ.

“ಏನಾಯ್ತು?”

“ಕೆಲಸ ಕಾಯಂ. ನಿಮ್ಮ ಮೇಲಿನ ಕೋಪಾನೂ ಕಾಯಂ.”

“ಒಂದು ಮಾತು ಕೇಳಲಾ?”

“ಕೇಳಿ.”

“ನನ್ನನ್ನ ಮದ್ವೆ ಆಗ್ತೀರಾ?”

“ಇದನ್ನ ಮೊದಲೇ ಕೇಳಿದ್ದಿದ್ರೆ ನನ್ನ ಕಾರ್ಡುಗಳಾದ್ರೂ ಉಳೀತಿದ್ವು.” ಅವಳು ಅವನ ಕೈ ಹಿಡಿದುಕೊಂಡಳು.

“ಅಂದ್ರೆ...?”

“ಹೂಂ ಅಂತ.”