ಅಕ್ಕಿ ಡ್ರಮ್ಮಿನೊಳಗೆ ಮೈಕು

“ಹೋಗೇ ಮಾರಾಯ್ತಿ, ಒಳಗೆ ಹೋಗು!”

ಇಂಪನಾ ಹೀಗೆ ಬೈಯುತ್ತಿದ್ದದ್ದು ಒಂದು ಮೈಕಿಗೆ. ಕೆಂಪು ಬಣ್ಣದ ಕೈಮೈಕು. ಅದರ ಅಗಲ ಬಾಯಿ ಅಕ್ಕಿ ಡ್ರಮ್ಮಿಗೆ ಅಡ್ಡ ಸಿಕ್ಕಿಕೊಂಡು ಕೂತಿತ್ತು. ಅವಳು ಎರಡೂ ಕೈಯಿಂದ ತಿರುಗಿಸಿ ಒತ್ತಿದಳು. ಮೈಕು ಸರ್ರೆಂದು ಅಕ್ಕಿಯೊಳಗೆ ಇಳಿಯಿತು. ಮೇಲೊಂದಿಷ್ಟು ಅಕ್ಕಿ ಎಳೆದು ಮುಚ್ಚಳ ಹಾಕಿದಳು.

ಆಮೇಲೆ ಸ್ಪ್ಯಾನರ್, ಸ್ಕ್ರೂಡ್ರೈವರ್, ಕುಕ್ಕರ್ ರಬ್ಬರುಗಳಿದ್ದ ಚೀಲ ಮಂಚದ ಕೆಳಗೆ ಹೋಯಿತು. ಅಂಗಳದಲ್ಲಿದ್ದ ಅಪ್ಪನ ಸ್ಕೂಟರಿನ ಮೇಲೆ ಅಜ್ಜಿಯ ಹಳೇ ಸೀರೆ ಬಿತ್ತು. ಅಪ್ಪನ ಸ್ಕೂಟರಿಗೆ ಹಿಂದೆ ಎರಡು ಚಕ್ರ ಜಾಸ್ತಿ. ಎಷ್ಟು ಎಳೆದರೂ ಅವು ಸೀರೆಯಿಂದ ಆಚೆ ಇಣುಕುತ್ತಿದ್ದವು. ಹಾಳಾಗಿ ಹೋಗಲಿ ಎಂದು ಬಿಟ್ಟಳು.

ಅಪ್ಪ ಬಚ್ಚಲಲ್ಲಿ ಜೋರಾಗಿ ಹಾಡುತ್ತಾ ಸ್ನಾನ ಮಾಡುತ್ತಿದ್ದ. ಇದ್ಯಾವುದೂ ಅವನಿಗೆ ಗೊತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಅವಳ ಕ್ಲಾಸಿನ ಪ್ರಣವ. ಬೆಳಿಗ್ಗೆ ಮಿಸ್ ಸರ್ಕಾರದ ಯೋಜನೆಗಳ ಪಾಠ ಮಾಡಿದ್ದರು. ಶನಿವಾರದ ಸ್ಕೂಲು ಬೇಗ ಬಿಟ್ಟಿತು. ಗೇಟಿನ ಹತ್ತಿರ ಪ್ರಣವ ತಾನೇ ಡಿಸಿ ಅನ್ನೋ ಹಾಗೆ ಶುರು ಮಾಡಿದ.

“ನಮ್ಮ ಮಾವನ ಮನೆ ಹತ್ರ ಒಬ್ರಿಗೆ ಅಂಗವಿಕಲರ ಪೆನ್ಷನ್ ಬರ್ತಿತ್ತು ಕಣ್ರೋ. ಅವರು ಬೀಡಾ ಅಂಗಡಿ ಇಟ್ರು. ಅಷ್ಟೇ! ಪೆನ್ಷನ್ ಕಟ್!” ಎಂದು ಎರಡು ಬೆರಳು ಕತ್ತರಿ ಮಾಡಿ ತೋರಿಸಿದ.

ಇಂಪನಾ ಅಲ್ಲಿಂದ ಸೀದಾ ಮನೆಗೆ ಓಡಿದಳು. ಅಪ್ಪನ ಬಲಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ. ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡೇ ನಡೆಯಬೇಕು. ಅವನಿಗೆ ಪೆನ್ಷನ್ ಬರುತ್ತದೆ. ಆ ಕ್ಯಾಲಿಪರ್ ಸವೆದರೆ, ಅದರ ಶೂ ಹರಿದರೆ, ಅಜ್ಜಿಯ ಬಿಪಿ ಮಾತ್ರೆ ಮುಗಿದರೆ, ಎಲ್ಲದಕ್ಕೂ ಅದೇ ಪೆನ್ಷನ್. ಆದರೆ ಅಪ್ಪ ಮನೆಯಲ್ಲಿ ಕೂತಿದ್ದಾನಾ? ಇಲ್ಲವೇ ಇಲ್ಲ! ದಿನಾ ಸ್ಕೂಟರಿನಲ್ಲಿ ಬೀದಿ ಬೀದಿ ಸುತ್ತಿ ಕುಕ್ಕರ್, ಸ್ಟವ್, ಮಿಕ್ಸಿ ರಿಪೇರಿ ಮಾಡುತ್ತಾನೆ. ಊರಲ್ಲಿ ಕೋಟೆಯಿಂದ ದುರ್ಗಿಗುಡಿವರೆಗೆ ಅವನ ಮೈಕು ಕೂಗದ ಬೀದಿಯಿಲ್ಲ.

ಆ ಮೈಕಿನಲ್ಲಿ ಕೂಗುವುದು ಇಂಪನಾಳ ದನಿಯೇ. ಹೋದ ವರ್ಷ ಅಪ್ಪನೇ ಅದರಲ್ಲಿ ರೆಕಾರ್ಡ್ ಮಾಡಿಸಿದ್ದ. ಸ್ಕೂಲಿನಲ್ಲಿ ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ‘ಕುಕ್ಕರ್’ ಅಂತ ಹೆಸರಿಟ್ಟುಬಿಟ್ಟಾರು!

ಇವತ್ತೇ ಪೆನ್ಷನ್ ವಿಚಾರಣೆಗೆ ತಾಲ್ಲೂಕು ಆಫೀಸಿನ ಮೇಡಂ ಬರುತ್ತಾರೆಂದು ಅಪ್ಪ ಬೆಳಿಗ್ಗೆ ಹೇಳಿದ್ದ. ಅಮ್ಮನನ್ನು ಕೇಳೋಣವೆಂದರೆ ಅವಳು ಚಿಕ್ಕಮ್ಮನ ಬಾಣಂತನಕ್ಕೆ ಭದ್ರಾವತಿಗೆ ಹೋಗಿದ್ದಳು. ಹಾಗಾಗಿ ಇಂಪನಾ ಒಬ್ಬಳೇ ತಲೆ ಓಡಿಸಿದ್ದಳು. ಮಂಚದ ಮೇಲೆ ದಪ್ಪ ಕಂಬಳಿಯನ್ನೂ ಹಾಸಿದಳು. ಅಪ್ಪ ಬಂದ ಕೂಡಲೇ ಮಲಗಿಸಿ ಹೊದಿಸಿಬಿಟ್ಟರೆ ಆಯಿತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

“ರುದ್ರೇಶ್ ಅವರ ಮನೆ ಇದೇ ಅಲ್ವಾ?”

ಹೆಗಲಿಗೆ ಬ್ಯಾಗು, ಕೈಯಲ್ಲಿ ಫೈಲು. ಮೇಡಂ ಬಂದೇಬಿಟ್ಟಿದ್ದರು! ಕುತ್ತಿಗೆಯ ಕಾರ್ಡಿನಲ್ಲಿ ‘ದಿವ್ಯಶ್ರೀ’ ಅಂತ ಇತ್ತು. ಪಕ್ಕದ ಮನೆಯ ಕಟ್ಟೆಯಲ್ಲಿ ಹರಟುತ್ತಿದ್ದ ಅಜ್ಜಿಯೂ ಹಿಂದೆಯೇ ಬಂದಳು.

“ಬನ್ನಿ ಬನ್ನಿ, ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದೀರಿ, ಊಟ ಮಾಡ್ಕೊಂಡೇ ಹೋಗ್ಬೇಕು. ಒಂದು ಪಾವು ಅಕ್ಕಿ ಜಾಸ್ತಿ ಹಾಕ್ತೀನಿ,” ಎನ್ನುತ್ತಾ ಅಜ್ಜಿ ಒಳಗೆ ಹೋದಳು.

“ಬೇಡ ಅಜ್ಜಿ, ತೊಂದರೆ ತಗೋಬೇಡಿ,” ಎಂದ ಮೇಡಂ ಇಂಪನಾಳ ಕಡೆ ತಿರುಗಿದರು. “ಅಪ್ಪ ಎಲ್ಲಿ ಪುಟ್ಟಿ? ಕೆಲಸಕ್ಕೆ ಹೋಗಿದಾರಾ?”

“ಇಲ್ಲ ಮೇಡಂ!” ಇಂಪನಾ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು. “ನಮ್ಮಪ್ಪ ಏನೂ ಕೆಲಸ ಮಾಡಲ್ಲ. ಯಾವಾಗ್ಲೂ ಮಲಗೇ ಇರ್ತಾರೆ. ಅವರ ಕೈಲಿ ಏನೂ ಆಗಲ್ಲ.”

ಬಚ್ಚಲ ಕಡೆಯಿಂದ ಬರುತ್ತಿದ್ದ ಹಾಡು ನಿಂತಿತು.

ಇಂಪನಾ ತಿರುಗಿ ನೋಡಿದಳು. ಅಪ್ಪ ಬಾಗಿಲಲ್ಲೇ ನಿಂತಿದ್ದ. ಹೆಗಲ ಮೇಲೆ ಟವೆಲ್ಲು, ಒದ್ದೆ ಕೂದಲು. ಅವನ ಮುಖದಲ್ಲಿ ಯಾವಾಗಲೂ ಇರುವ ನಗು ಇರಲಿಲ್ಲ. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ ಅವಳಿಗೆ.

ಅದೇ ಹೊತ್ತಿಗೆ ಅಡುಗೆ ಮನೆಯಲ್ಲಿ ಅಜ್ಜಿ ಡ್ರಮ್ಮಿನ ಮುಚ್ಚಳ ತೆಗೆದು ಪಾವು ಒಳಗೆ ಚುಚ್ಚಿದಳು. ಅದು ಸೀದಾ ಮೈಕಿನ ಬಟನ್ನಿಗೆ ತಗುಲಿತು.

“ಬಂತು ಬಂತು! ಕುಕ್ಕರ್ ರಿಪೇರಿ, ಸ್ಟವ್ ರಿಪೇರಿ, ಮಿಕ್ಸಿ ರಿಪೇರಿ! ವಿಷಲ್ ಹೋದ್ರೆ ವಿಷಲ್, ಹಿಡಿ ಹೋದ್ರೆ ಹಿಡಿ! ಬೇಗ ಬನ್ನಿ ಅಕ್ಕಾ, ಬೇಗ ಬನ್ನಿ!”

“ಅಯ್ಯಯ್ಯಪ್ಪಾ! ಅಕ್ಕಿ ಮಾತಾಡ್ತಿದೆ ಕಣೋ ರುದ್ರಾ!” ಪಾವನ್ನು ಅಲ್ಲೇ ಎಸೆದು ಅಜ್ಜಿ ಹಾಲಿಗೆ ಓಡಿಬಂದಳು. ಮಂಡಿನೋವು ಅಂತ ದಿನಾ ನರಳುವವಳು ಅಷ್ಟು ಜೋರಾಗಿ ಓಡಿದ್ದನ್ನು ಯಾರೂ ನೋಡಿರಲಿಲ್ಲ.

ಡ್ರಮ್ಮು ಮಾತ್ರ ನಿಲ್ಲಿಸಲಿಲ್ಲ. “ಬಂತು ಬಂತು! ಕುಕ್ಕರ್ ರಿಪೇರಿ...”

ಮೇಡಂ ಫೈಲನ್ನು ಬಾಯಿಗೆ ಅಡ್ಡ ಹಿಡಿದರು. ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೇಬಿಟ್ಟರು. “ಇದು ಪ್ರತಿ ಗುರುವಾರ ನಮ್ಮ ಬೀದಿಗೆ ಬರತ್ತಲ್ಲ!”

ಅಪ್ಪ ಗೋಡೆ ಹಿಡಿದುಕೊಂಡೇ ನಿಧಾನವಾಗಿ ನಡೆದುಬಂದು ನಿಂತ.

“ಅದು ನಂದೇ ಮೇಡಂ. ಎಂಟು ವರ್ಷದಿಂದ ರಿಪೇರಿ ಮಾಡ್ತಿದೀನಿ. ರೂಲ್ಸ್ ಪ್ರಕಾರ ಪೆನ್ಷನ್ ಬರಲ್ಲ ಅಂದ್ರೆ ಬೇಡ, ಹೇಗೋ ಆಗತ್ತೆ. ಆದ್ರೆ ಏನೂ ಮಾಡಲ್ಲ ಅಂತ ಮಾತ್ರ ಬರ್ಕೋಬೇಡಿ.”

ಇಂಪನಾ ಅಡುಗೆ ಮನೆಗೆ ಓಡಿ, ಅಕ್ಕಿಯೊಳಗೆ ಕೈ ಹಾಕಿ ಮೈಕು ನಿಲ್ಲಿಸಿ ಬಂದಳು.

“ನಾನ್ಯಾಕೆ ಹಾಗೆ ಬರೀಲಿ?” ಮೇಡಂ ಫೈಲು ಬಿಚ್ಚಿದರು. “ಇಲ್ಲಿ ನೋಡು ಪುಟ್ಟಿ. ಹಿಂದಿನ ಸಲ ನಿಮ್ಮಪ್ಪ ತಾವೇ ಬರೆಸಿದಾರೆ. ‘ಸ್ವಂತ ಉದ್ಯೋಗ, ಕುಕ್ಕರ್ ರಿಪೇರಿ.’ ವರಮಾನ ಇಷ್ಟರೊಳಗೆ ಇರ್ಬೇಕು ಅಂತ ರೂಲ್ಸ್ ಇದೆ, ನಿಜ. ನಿಮ್ಮದು ಅದರೊಳಗೇ ಇದೆ. ದುಡೀಲೇಬಾರದು ಅಂತ ಯಾರೂ ಹೇಳಿಲ್ಲ.”

“ಹಾಗಾದ್ರೆ ಪ್ರಣವ ಹೇಳಿದ್ದು? ಆ ಬೀಡಾ ಅಂಗಡಿಯವರು?”

“ಅವರ ವಿಷಯ ನಂಗೆ ಗೊತ್ತಿಲ್ಲಪ್ಪ. ಪ್ರಣವಂಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ,” ಎಂದು ನಕ್ಕರು ಮೇಡಂ. ಅಪ್ಪನ ಅಂಗವಿಕಲರ ಕಾರ್ಡು ನೋಡಿ, ಸಹಿ ಹಾಕಿಸಿಕೊಂಡು ಎದ್ದರು. ಅಜ್ಜಿ ಎಷ್ಟು ಬೇಡಿಕೊಂಡರೂ ಮಜ್ಜಿಗೆ ಮಾತ್ರ ಕುಡಿದರು.

ಅವರು ಹೋದ ಮೇಲೆ ಅಪ್ಪ ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಾಲರಿಯಲ್ಲಿ ಸಿಕ್ಕಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ತೆಗೆಯತೊಡಗಿದ. ಇಂಪನಾ ಪಕ್ಕದಲ್ಲಿ ಬಂದು ಕೂತಳು.

“ಅಪ್ಪಾ, ನಾನು ಪೆನ್ಷನ್ ಹೋಗಬಾರದು ಅಂತ...”

“ಗೊತ್ತು ಕಣೆ. ನಿನ್ನ ಮೇಲೆ ಸಿಟ್ಟಿಲ್ಲ.” ಅಪ್ಪ ಇನ್ನೊಂದು ಕಾಳು ತೆಗೆದ. “ಆದ್ರೂ ನಿನ್ನ ಬಾಯಲ್ಲಿ ಆ ಮಾತು ಕೇಳಿ ಬೇಜಾರಾಯ್ತು ಮಗಳೇ.”

ಅಷ್ಟು ಹೇಳಿ, “ಅಜ್ಜಿ ಓಡಿದ್ದು ನೋಡಿದ್ಯಾ?” ಎಂದು ನಕ್ಕ. ಇಂಪನಾಳೂ ನಕ್ಕಳು. ಆದರೆ ಆ ಬೇಜಾರು ಅನ್ನುವ ಮಾತು ಅವಳೊಳಗೇ ಉಳಿಯಿತು. ಭಾನುವಾರ ಪೂರ್ತಿ ಉಳಿಯಿತು.

ಸೋಮವಾರ ಬೆಳಿಗ್ಗೆ ಅಪ್ಪ ಬಚ್ಚಲಿಗೆ ಹೋದ ಕೂಡಲೇ ಅವಳು ಮೈಕು ಹಿಡಿದು ಹಿತ್ತಲಿಗೆ ಓಡಿದಳು. ಏನು ಮಾಡಿದಳೆಂದು ಅಜ್ಜಿಗೂ ಹೇಳಲಿಲ್ಲ.

ಹನ್ನೊಂದು ಗಂಟೆಗೆ ಗಣಿತದ ಪೀರಿಯಡ್. ಮಿಸ್ ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದರು. ಸೋಮವಾರ ಅಪ್ಪ ಮೊದಲು ಮೈಕು ಹಾಕುವುದೇ ಸ್ಕೂಲಿನ ಬೀದಿಯಲ್ಲಿ. ಬೀದಿಯ ಆ ತುದಿಯಿಂದ ಕೇಳಿಸಿತು.

“ಬಂತು ಬಂತು! ಕುಕ್ಕರ್ ರಿಪೇರಿ, ಸ್ಟವ್ ರಿಪೇರಿ, ಮಿಕ್ಸಿ ರಿಪೇರಿ!”

ಇಂಪನಾ ಪೆನ್ಸಿಲ್ ಕೆಳಗಿಟ್ಟಳು. ದನಿ ಹತ್ತಿರ ಹತ್ತಿರ ಬಂದು ಕಿಟಕಿಯ ಕೆಳಗೇ ಬಂತು.

“ವಿಷಲ್ ಹೋದ್ರೆ ವಿಷಲ್, ಹಿಡಿ ಹೋದ್ರೆ ಹಿಡಿ! ರಿಪೇರಿ ಮಾಡೋರು ನಮ್ಮಪ್ಪ ರುದ್ರೇಶ್! ನಮ್ಮಪ್ಪನ ಕೈಲಿ ಎಲ್ಲಾ ಆಗತ್ತೆ!”

ಸ್ಕೂಟರ್ ಗಕ್ಕನೆ ನಿಂತ ಸದ್ದು. ಕ್ಲಾಸಿನಲ್ಲಿ ಕಿಸಿಕಿಸಿ ನಗು.

“ನಮ್ಮಪ್ಪ ಅಂತೆ! ಯಾರದ್ರೋ ಈ ವಾಯ್ಸು?” ಪ್ರಣವ ಕೇಳಿದ.

ಇಂಪನಾ ಎದ್ದು ನಿಂತಳು. “ನಂದು,” ಎಂದಳು. “ಮಿಸ್, ಒಂದೇ ನಿಮಿಷ,” ಎಂದು ಕಿಟಕಿಯ ಹತ್ತಿರ ಹೋದಳು.

ಕೆಳಗೆ ಅಪ್ಪ ರಸ್ತೆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ಮೈಕನ್ನೇ ನೋಡುತ್ತಿದ್ದ. ತೋಳಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ಮೈಕಿನ ತಿರುಗಣಿ ಹಿಡಿದು, ಸೌಂಡನ್ನು ಪೂರ್ತಿ ಜಾಸ್ತಿ ಮಾಡಿದ.